30 ನಿಮಿಷ ಓಡುವುದು ಬಂತು, ವೇಗ ಬರುತ್ತಿಲ್ಲ: ತುಮಕೂರಿನ ಹೊಸ ಓಟಗಾರರಿಗೆ 12 ವಾರಗಳ ದಾರಿ

ಒಂಬತ್ತು ವಾರಗಳ ಆರಂಭಿಕ ತರಬೇತಿ ಮುಗಿಸಿ, ನಿಲ್ಲದೆ 30 ನಿಮಿಷ ಓಡಲು ಕಲಿತವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ತಿಂಗಳುಗಟ್ಟಲೆ ಓಡುತ್ತಿದ್ದೇನೆ, ವೇಗ ಒಂದಿಷ್ಟೂ ಹೆಚ್ಚಿಲ್ಲ. ಈಗೀಗ ಹೋಗುವುದಕ್ಕೇ ಮನಸ್ಸು ಹಿಂಜರಿಯುತ್ತದೆ.’ ಹೇಗೆ ಓಡುತ್ತಿದ್ದೀರಿ ಎಂದು ವಿಚಾರಿಸಿದರೆ ಉತ್ತರವೂ ಒಂದೇ. ವಾರಕ್ಕೆ ಮೂರು ದಿನ, ಅದೇ ದಾರಿ, ಅದೇ ಅರ್ಧ ಗಂಟೆ, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಬೇಗ ಮುಗಿಸುವ ಹಟ. ತಪ್ಪು ಇರುವುದು ಅಲ್ಲೇ. ದಿನವೂ ಪರೀಕ್ಷೆ ಬರೆಯುತ್ತಾ ಕೂತರೆ ಓದುವುದು ಯಾವಾಗ?

ವೇಗ ಬರಬೇಕಾದರೆ ಹೆಚ್ಚಿನ ದಿನಗಳಲ್ಲಿ ಈಗಿನದಕ್ಕಿಂತ ನಿಧಾನವಾಗಿ ಓಡಬೇಕು, ವಾರದಲ್ಲಿ ಒಂದೇ ದಿನ ನಿಜವಾಗಿ ವೇಗವಾಗಿ ಓಡಬೇಕು. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಿ. ನೇರವಾಗಿ ಐದನೆಯ ಹಂತಕ್ಕೆ ಹಾರಿದವರು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕಾಲು ನೋವೆಂದು ಮನೆಯಲ್ಲಿ ಕೂರುತ್ತಾರೆ.

## ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಶೂ ಓಟಕ್ಕೆಂದೇ ಮಾಡಿದ್ದಾಗಿರಲಿ, ದುಬಾರಿಯದ್ದೇ ಆಗಬೇಕಿಲ್ಲ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ತುಸು ಊದಿರುತ್ತದೆ. ಕಾಲ್ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ವಾರಕ್ಕೆ 12 ಕಿ.ಮೀ. ಓಡುವವರಿಗೆ ಸುಮಾರು ಒಂದು ವರ್ಷ.

ನಿಲ್ಲಿಸಿ ಶುರು ಮಾಡಬಹುದಾದ ಸಾಧಾರಣ ಡಿಜಿಟಲ್ ಗಡಿಯಾರ ಸಾಕು. ಫೋನ್ ಆ್ಯಪ್ ಬಳಸುವವರು ಒಂದು ಮಾತು ನೆನಪಿಡಿ: ಓಡುತ್ತಿರುವಾಗ ಅದು ತೋರಿಸುವ ಆ ಕ್ಷಣದ ಪೇಸ್ ಮರದ ನೆರಳು, ಕಟ್ಟಡ, ತಿರುವು ಬಂದಲ್ಲೆಲ್ಲ ಏರಿಳಿಯುತ್ತದೆ. ಅದನ್ನು ನೋಡಿಕೊಂಡು ಓಡಿದರೆ ಮನಸ್ಸು ಕೆಡುತ್ತದೆಯೇ ಹೊರತು ಲಾಭವಿಲ್ಲ. ಮುಗಿದ ಮೇಲೆ ಒಟ್ಟು ಸರಾಸರಿ ನೋಡಿ. ಪೇಸ್ ಎಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ. ಸಂಖ್ಯೆ ಇಳಿದಷ್ಟೂ ವೇಗ ಹೆಚ್ಚು.

ಒಂದು ನೋಟ್‌ಬುಕ್ ಬೇಕೇ ಬೇಕು. ದಿನಾಂಕ, ಓಡಿದ ನಿಮಿಷ, ಮೈ ಹೇಗಿತ್ತು, ಎಲ್ಲಿ ನೋವಿತ್ತು, ಇಷ್ಟೇ ಬರೆಯಿರಿ. ಧೈರ್ಯ ಕುಸಿದ ದಿನ ಈ ಪುಸ್ತಕವೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ.

ಜಾಗ ಎರಡು ಬಗೆಯದ್ದು ಬೇಕು. ಅಳತೆಯ ಓಟಕ್ಕೆ ಮಹಾತ್ಮ ಗಾಂಧಿ ಕ್ರೀಡಾಂಗಣದ ಟ್ರ್ಯಾಕ್, ನಿಧಾನದ ಓಟಕ್ಕೆ ಅಮಾನಿಕೆರೆಯ ನಡಿಗೆ ದಾರಿ ಅಥವಾ ನಿಮ್ಮ ಬಡಾವಣೆಯ ಉದ್ಯಾನ. ಕ್ರೀಡಾಂಗಣದಲ್ಲಿ ಸಾರ್ವಜನಿಕರಿಗೆ ಬಿಡುವ ಹೊತ್ತನ್ನು ಮೊದಲೇ ವಿಚಾರಿಸಿ. ಬಿ.ಎಚ್. ರಸ್ತೆಯ ಅಂಚಿನಲ್ಲಿ ಓಡುವುದನ್ನು ಬಿಟ್ಟುಬಿಡಿ. ಬೆಳಗಿನ ಐದೂವರೆಯ ಮಬ್ಬಿನಲ್ಲಿ ಬಸ್ಸಿನ ಚಾಲಕನಿಗೆ ನೀವು ಕಾಣುವುದಿಲ್ಲ.

ವಯಸ್ಸು 40 ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲಿ ಹೃದ್ರೋಗ ಇರುವವರು ಐದನೆಯ ಹಂತಕ್ಕೆ ಮುನ್ನ ವೈದ್ಯರನ್ನು ಕಾಣಲೇಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ.

## ಹಂತ 1 (ವಾರ 1ರಿಂದ 3): 30 ನಿಮಿಷವನ್ನು ಸಲೀಸು ಮಾಡಿಕೊಳ್ಳಿ

ಈ ಮೂರು ವಾರ ದೂರ, ವೇಗ ಎರಡನ್ನೂ ಮರೆತುಬಿಡಿ. ವಾರಕ್ಕೆ ಮೂರು ಓಟ, ನಡುವೆ ಒಂದಾದರೂ ದಿನದ ಬಿಡುವು, ಪ್ರತಿ ಓಟ 30 ನಿಮಿಷ. ತರಬೇತಿಯ ಕೊನೆಯ ವಾರದಲ್ಲಿ 30 ನಿಮಿಷ ಓಡಿ ಮುಗಿಸಿದಿರಿ ನಿಜ. ಆದರೆ ಹಲ್ಲು ಕಚ್ಚಿ ಒಮ್ಮೆ ಮುಗಿಸುವುದು ಬೇರೆ, ಅದು ಮೈಗೆ ಅಭ್ಯಾಸವಾಗುವುದು ಬೇರೆ.

ಕಾರಣ ಇಷ್ಟು. ಓಟ ಶುರು ಮಾಡಿದ ಕೆಲವೇ ವಾರಗಳಲ್ಲಿ ಹೃದಯ, ಶ್ವಾಸಕೋಶಗಳು ಹೊಂದಿಕೊಳ್ಳುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ‘ಇನ್ನೂ ವೇಗವಾಗಿ ಓಡು’ ಎನ್ನುವ ಹೊತ್ತಿಗೆ ಕಣಕಾಲಿನ ಮೂಳೆ ಇನ್ನೂ ಸಿದ್ಧವಾಗಿರುವುದಿಲ್ಲ. ಹೊಸಬರಿಗೆ ಏಟು ಬೀಳುವುದು ಈ ಅಂತರದಲ್ಲೇ.

ಎಷ್ಟು ನಿಧಾನ? ಓಡುತ್ತಲೇ ಏಳರ ಮಗ್ಗಿಯನ್ನು ಗಟ್ಟಿಯಾಗಿ ಹೇಳಿ. ಮೂರು ನಾಲ್ಕು ಸಾಲನ್ನು ಸರಾಗವಾಗಿ ಹೇಳಲು ಬಂದರೆ ವೇಗ ಸರಿಯಾಗಿದೆ. ‘ಏಳ್ಮೂರ್ಲಿ’ ಎಂದು ಒಮ್ಮೆ ಉಸಿರೆಳೆದು, ‘ಇಪ್ಪತ್ತೊಂದು’ ಎಂದು ಇನ್ನೊಮ್ಮೆ ಉಸಿರೆಳೆದರೆ ನೀವು ಜೋರಾಗಿ ಓಡುತ್ತಿದ್ದೀರಿ, ತಕ್ಷಣ ವೇಗ ಇಳಿಸಿ. ಜೊತೆಗಾರರಿದ್ದರೆ ಮಗ್ಗಿ ಬೇಡ, ಮಾತಾಡಿಕೊಂಡು ಓಡಿ.

ಇಷ್ಟು ನಿಧಾನವಾಗಿ ಓಡಲು ಅನೇಕರಿಗೆ ನಾಚಿಕೆ. ಅಮಾನಿಕೆರೆಯಲ್ಲಿ ಬಿರುಸಾಗಿ ನಡೆಯುವ ಹಿರಿಯರು ಪಕ್ಕದಲ್ಲೇ ಹಾದುಹೋದರೆ ಅವಮಾನವೆನಿಸಿ ವೇಗ ಹೆಚ್ಚಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಧಾನದ ಓಟದಲ್ಲೇ ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ, ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಮುಂದೆ ಬರುವ ವೇಗಕ್ಕೆ ಇದೇ ಬಂಡವಾಳ. ಪ್ರತಿದಿನ ಏದುಸಿರು ಬಿಡುತ್ತಾ ಓಡುವವರ ವೇಗ ಅತ್ತ ನಿಧಾನವೂ ಅಲ್ಲ, ಇತ್ತ ವೇಗವೂ ಅಲ್ಲ. ದಣಿವು ಮಾತ್ರ ಪೂರ್ತಿ.

ಮುಂದಿನ ಹಂತಕ್ಕೆ ಹೋಗಬಹುದೆಂಬ ಗುರುತು: ಓಟ ಮುಗಿದ ಮೇಲೆ ‘ಇನ್ನೂ ಹತ್ತು ನಿಮಿಷ ಓಡಬಹುದಿತ್ತು’ ಎನಿಸುತ್ತದೆ, ಮರುದಿನ ಮೆಟ್ಟಿಲಿಳಿಯುವಾಗ ಕಾಲು ಹಿಡಿಯುವುದಿಲ್ಲ. ಮೂರನೆಯ ವಾರದಲ್ಲೂ ಹೀಗಾಗದಿದ್ದರೆ ಇದೇ ಹಂತವನ್ನು ಇನ್ನೆರಡು ವಾರ ಮುಂದುವರಿಸಿ.

## ಹಂತ 2 (ಮೂರನೆಯ ವಾರದ ಕೊನೆ): ಒಮ್ಮೆ ಅಳೆಯಿರಿ

ಈಗ ನಿಮ್ಮ 5 ಕಿ.ಮೀ. ಸಮಯ ತಿಳಿಯಬೇಕು. ಟ್ರ್ಯಾಕ್‌ನ ಅತಿ ಒಳಗಿನ ಪಟ್ಟೆಯ ಒಂದು ಸುತ್ತು 400 ಮೀಟರ್, 5 ಕಿ.ಮೀ. ಎಂದರೆ ಹನ್ನೆರಡೂವರೆ ಸುತ್ತು. ಹೊರಗಿನ ಪಟ್ಟೆಗೆ ಹೋದಂತೆ ದೂರ ಹೆಚ್ಚುತ್ತದೆ, ಎಂಟನೆಯ ಪಟ್ಟೆಯಲ್ಲಿ ಅದು 450 ಮೀಟರ್ ದಾಟುತ್ತದೆ. ಒಳಪಟ್ಟೆಯಲ್ಲಿ ಕ್ರೀಡಾಪಟುಗಳ ಅಭ್ಯಾಸ ನಡೆಯುತ್ತಿದ್ದರೆ ಅವರಿಗೆ ದಾರಿ ಬಿಡಿ, ಜನ ಕಡಿಮೆ ಇರುವ ಹೊತ್ತು ನೋಡಿ ಬನ್ನಿ. ಫೋನಿನ ದೂರವನ್ನು ಇಲ್ಲಿ ನಂಬಬೇಡಿ, ತಿರುವುಗಳಲ್ಲಿ ಅದರ ಲೆಕ್ಕ ತಪ್ಪುತ್ತದೆ.

ಸುತ್ತು ಎಣಿಸುವುದು ತಪ್ಪಿಹೋಗುತ್ತದೆ ಎಂಬ ದೂರು ಬಹಳ. ನಮ್ಮ ಹಿರಿಯರು ಲೆಕ್ಕ ಹಾಕುತ್ತಿದ್ದ ಹಾಗೆ ಗೆಣ್ಣು ಎಣಿಸಿ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳುಗಳಲ್ಲಿ ಮೂರು ಮೂರರಂತೆ ಹನ್ನೆರಡು ಗೆಣ್ಣು. ಮುಕ್ತಾಯದ ಗೆರೆಯ ಎದುರು ಬದಿಯಿಂದ ಹೊರಟು ಮೊದಲು ಅರ್ಧ ಸುತ್ತು ಓಡಿ. ಗೆರೆ ದಾಟಿದ ಮೇಲೆ ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿನ ಮೇಲಿಡಿ. ಪ್ರತಿ ಸುತ್ತಿಗೂ ಒಂದೊಂದು ಗೆಣ್ಣು ಮುಂದಕ್ಕೆ. ತೋರುಬೆರಳಿನ ಕೊನೆಯ ಗೆಣ್ಣಿನ ಸುತ್ತು ಮುಗಿದಾಗ 5 ಕಿ.ಮೀ. ಆಗಿರುತ್ತದೆ.

ಐದು ನಿಮಿಷ ಬಿರುಸು ನಡಿಗೆ, ಐದು ನಿಮಿಷ ಮೆಲ್ಲಗಿನ ಓಟ ಮುಗಿಸಿ ಪರೀಕ್ಷೆ ಆರಂಭಿಸಿ. ಮೊದಲ ಎರಡು ಸುತ್ತಿನಲ್ಲಿ ಕೈಕಟ್ಟಿ ಹಾಕಿದಂತೆ ಹಿಡಿತವಿರಲಿ. ಹೊಸಬರಲ್ಲಿ ಹೆಚ್ಚಿನವರು ಮೊದಲ ಸುತ್ತನ್ನು ಹಾರಿ ಓಡಿ, ಆರನೆಯ ಸುತ್ತಿಗೆ ನಡೆಯಲು ಶುರು ಮಾಡುತ್ತಾರೆ. ನಡೆದರೂ ಪರವಾಗಿಲ್ಲ, ಮುಗಿಸಿ ಸಮಯ ಬರೆದುಕೊಳ್ಳಿ.

## ಹಂತ 3 (ವಾರ 4ರಿಂದ): ಒಂದು ಓಟವನ್ನು ಉದ್ದ ಮಾಡಿ

ಲೆಕ್ಕಕ್ಕೆ ನಿಮ್ಮ ಸಮಯ 40 ನಿಮಿಷ ಎಂದುಕೊಳ್ಳೋಣ. ಅಂದರೆ ಕಿಲೋಮೀಟರಿಗೆ 8 ನಿಮಿಷ, ಒಂದು ಸುತ್ತಿಗೆ 3 ನಿಮಿಷ 12 ಸೆಕೆಂಡ್. ನಿಧಾನದ ಓಟ ಇದಕ್ಕಿಂತ ಕಿಲೋಮೀಟರಿಗೆ ಒಂದರಿಂದ ಒಂದೂವರೆ ನಿಮಿಷ ಹೆಚ್ಚು ಹಿಡಿಯಬೇಕು, ಅಂದರೆ 9ರಿಂದ 9.30. ಮಗ್ಗಿಯ ಪರೀಕ್ಷೆಗೂ ಈ ಸಂಖ್ಯೆಗೂ ತಾಳೆಯಾಗದಿದ್ದರೆ ಮಗ್ಗಿಯನ್ನೇ ನಂಬಿ.

ಭಾನುವಾರದ ಓಟವನ್ನು ಮಾತ್ರ ಉದ್ದ ಮಾಡುತ್ತಾ ಹೋಗಿ: ನಾಲ್ಕನೆಯ ವಾರ 35 ನಿಮಿಷ, ಐದನೆಯ ವಾರ 40, ಆರನೆಯ ವಾರ ಇಳಿಸಿ 30. ಏಳು ಮತ್ತು ಎಂಟನೆಯ ವಾರ 45, ಒಂಬತ್ತರಲ್ಲಿ ಮತ್ತೆ 35, ಹತ್ತು ಮತ್ತು ಹನ್ನೊಂದರಲ್ಲಿ 50. ಮೂರು ವಾರಕ್ಕೊಮ್ಮೆ ಇಳಿಸುವುದನ್ನು ‘ಚೆನ್ನಾಗಿ ಓಡುತ್ತಿದ್ದೇನಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಮೈ ಗಟ್ಟಿಯಾಗುವುದು ಬಿಡುವಿನಲ್ಲಿ.

ಓಡುವ ಎರಡು ಗಂಟೆ ಮೊದಲಿನಿಂದ ಹೊಟ್ಟೆ ತುಂಬ ತಿನ್ನಬೇಡಿ. ಬೆಳಗ್ಗೆ ಓಡುವವರಿಗೆ ಒಂದು ಬಾಳೆಹಣ್ಣು ಸಾಕು. ಪಕ್ಕೆ ಹಿಡಿದುಕೊಂಡರೆ ವೇಗ ಇಳಿಸಿ, ಉಸಿರನ್ನು ಪೂರ್ತಿ ಹೊರಬಿಡಿ, ಎರಡು ಮೂರು ನಿಮಿಷದಲ್ಲಿ ಬಿಡುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಓಟ ಮುಗಿದ ಮೇಲೆ, ಮನಸಾರೆ ತಿನ್ನಿ.

ಮಾರ್ಚ್‌ನಿಂದ ಮೇವರೆಗೆ ಆರು ಗಂಟೆಗೆ ಮೊದಲೇ ಹೊರಡಿ. ಸೆಕೆಯಲ್ಲಿ ಅದೇ ಶ್ರಮಕ್ಕೆ ವೇಗ ತಾನಾಗಿ ಇಳಿಯುತ್ತದೆ, ಏಕೆಂದರೆ ಮೈ ತಂಪು ಮಾಡಲು ರಕ್ತ ಚರ್ಮದ ಕಡೆಗೂ ಹರಿಯಬೇಕು. ಏಪ್ರಿಲ್‌ನ ಓಟವನ್ನು ಡಿಸೆಂಬರಿನದರ ಜೊತೆ ಹೋಲಿಸಿ ಕೊರಗಬೇಡಿ.

## ಹಂತ 4 (ವಾರ 5 ಮತ್ತು 6): ಇಪ್ಪತ್ತು ಸೆಕೆಂಡಿನ ಚುರುಕು ಓಟ

ವಾರದ ನಡುವಿನ ಒಂದು ನಿಧಾನದ ಓಟ ಮುಗಿದ ಮೇಲೆ ಸಮತಟ್ಟಾದ ನೇರ ದಾರಿಯಲ್ಲಿ 20 ಸೆಕೆಂಡ್ ಚುರುಕಾಗಿ ಓಡಿ, ಒಂದು ನಿಮಿಷ ನಡೆಯಿರಿ. ಐದನೆಯ ವಾರ ಇಂಥವು ನಾಲ್ಕು, ಆರನೆಯ ವಾರ ಆರು. ಇದು ಶಕ್ತಿಮೀರಿ ಓಡುವುದಲ್ಲ. ಇನ್ನೂ ಸ್ವಲ್ಪ ವೇಗ ಕೈಯಲ್ಲಿ ಉಳಿದಿರಬೇಕು. ವೇಗವನ್ನು ಮೊದಲ ಐದು ಸೆಕೆಂಡಿನಲ್ಲಿ ಮೆಲ್ಲಗೆ ಏರಿಸಿ.

ಇಲ್ಲಿ ಕಲಿಯಬೇಕಾದದ್ದು ಮೈಯ ಹದ. ವೇಗಕ್ಕಾಗಿ ಹೆಜ್ಜೆಯನ್ನು ಉದ್ದ ಹಾಕಬೇಡಿ. ಹಿಮ್ಮಡಿ ಮೈಗಿಂತ ಮುಂದೆ ಬಿದ್ದರೆ ಅದು ಓಟಕ್ಕೆ ತಡೆಯಾಗುತ್ತದೆ, ಪೆಟ್ಟು ಮಂಡಿಗೆ ಹೋಗುತ್ತದೆ. ಹೆಜ್ಜೆ ಚಿಕ್ಕದಾಗಿರಲಿ, ಬೇಗ ಬೇಗ ಬೀಳಲಿ, ಪಾದ ಮೈಯ ಕೆಳಗೇ ಇಳಿಯಲಿ. ಭುಜ ಕಿವಿಯ ಕಡೆ ಏರಿದ್ದರೆ ಕೆಳಗೆ ಬಿಡಿ, ಮುಷ್ಟಿ ಸಡಿಲವಿರಲಿ. ಹೆಜ್ಜೆಯ ಸಪ್ಪಳ ಕೇಳಿಸಿಕೊಳ್ಳಿ. ದಪದಪ ಎನ್ನುತ್ತಿದ್ದರೆ ಇನ್ನೂ ಹಗುರ ಮಾಡಿ.

ಇದೇ ವಾರಗಳಿಂದ ಮನೆಯಲ್ಲಿ ವಾರಕ್ಕೆರಡು ದಿನ ಹದಿನೈದು ನಿಮಿಷದ ಕಸರತ್ತು ಸೇರಿಸಿ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು 12ರಂತೆ ಮೂರು ಸಲ, ಬಸ್ಕಿ 12ರಂತೆ ಮೂರು ಸಲ, ಅಂಗಾತ ಮಲಗಿ ಸೊಂಟ ಎತ್ತುವುದು ಅಷ್ಟೇ, ಒಂಟಿ ಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವುದು. ಮೀನಖಂಡ ಗಟ್ಟಿಯಾದಷ್ಟೂ ಮುಂದಿನ ಹಂತ ಸುರಕ್ಷಿತ.

## ಹಂತ 5 (ವಾರ 7ರಿಂದ 11): ವಾರಕ್ಕೊಂದೇ ವೇಗದ ದಿನ

ಮಂಗಳವಾರ ವೇಗ, ಗುರುವಾರ ನಿಧಾನ, ಭಾನುವಾರ ಉದ್ದದ ಓಟ. ಎರಡು ಕಷ್ಟದ ದಿನಗಳು ಅಕ್ಕಪಕ್ಕ ಬರಬಾರದು.

ಐದು ನಿಮಿಷ ನಡೆದು, ಹತ್ತು ನಿಮಿಷ ನಿಧಾನ ಓಡಿ, ಎರಡು ಚುರುಕು ಓಟ ಮುಗಿಸಿದ ಮೇಲಷ್ಟೇ ಆರಂಭಿಸಿ. ನಮ್ಮ 40 ನಿಮಿಷದ ಉದಾಹರಣೆಯಲ್ಲಿ 5 ಕಿ.ಮೀ. ಪೇಸ್‌ನ ಸುತ್ತು 3:12. ವೇಗದ ಸುತ್ತು ಅದಕ್ಕಿಂತ ಹನ್ನೆರಡು ಸೆಕೆಂಡ್ ಮಾತ್ರ ಬೇಗ, ಅಂದರೆ 3:00. ಏಳನೆಯ ವಾರ ಇಂಥ ನಾಲ್ಕು ಸುತ್ತು, ಪ್ರತಿ ಸುತ್ತಿನ ನಂತರ ಎರಡು ನಿಮಿಷ ನಡಿಗೆ. ಎಂಟನೆಯ ವಾರ ಐದು. ಒಂಬತ್ತು ಇಳಿಸುವ ವಾರವಾದ್ದರಿಂದ ಮೂರು. ಹತ್ತನೆಯ ವಾರ ಆರು. ಹನ್ನೊಂದನೆಯ ವಾರ ಎರಡೆರಡು ಸುತ್ತುಗಳನ್ನು ಸೇರಿಸಿ 800 ಮೀಟರ್‌ನ ಮೂರು ಓಟ, ಒಂದೊಂದಕ್ಕೆ 6 ನಿಮಿಷ 20 ಸೆಕೆಂಡ್, ನಡುವೆ ಮೂರು ನಿಮಿಷ ನಡಿಗೆ. ಕೊನೆಗೆ ಹತ್ತು ನಿಮಿಷ ಮೆಲ್ಲಗೆ ಓಡಿ ಮುಗಿಸಿ.

ಈ ಹಂತದಲ್ಲಿ ಜನ ಎಡವುವುದು ಎಲ್ಲಿ ಎಂದರೆ, ಮೊದಲ ಸುತ್ತನ್ನು 2:40ರಲ್ಲಿ ಓಡಿ ಹಿಗ್ಗುತ್ತಾರೆ, ನಾಲ್ಕನೆಯದು 3:20ಕ್ಕೆ ಬೀಳುತ್ತದೆ. ಸುತ್ತುಗಳೆಲ್ಲ ಸಮವಾಗಿರಬೇಕು, ಕೊನೆಯದು ಮೊದಲಿನದಷ್ಟೇ ಬಂದರೆ ಆ ದಿನ ಗೆದ್ದಿರಿ. 200 ಮೀಟರ್ ಗುರುತಿನಲ್ಲಿ ಗಡಿಯಾರ ನೋಡಿ, 1:30ಕ್ಕಿಂತ ಬಹಳ ಮೊದಲೇ ಬಂದಿದ್ದರೆ ಅಲ್ಲೇ ವೇಗ ಇಳಿಸಿ. ನಡಿಗೆಯ ಸಮಯವನ್ನು ಮೊಟಕು ಮಾಡಬೇಡಿ. ಎರಡು ಸುತ್ತು ಸತತವಾಗಿ ಹತ್ತು ಸೆಕೆಂಡ್‌ಗಿಂತ ಹೆಚ್ಚು ತಡವಾದರೆ ಉಳಿದವನ್ನು ಬಿಟ್ಟು ಮನೆಗೆ ಹೋಗಿ. ಅದು ಸೋಲಲ್ಲ, ಮೈ ಹೇಳಿದ ಮಾತು.

ಟ್ರ್ಯಾಕ್ ಸಿಗದಿದ್ದರೆ ಗಡಿಯಾರ ನೋಡಿ ಮೂರು ನಿಮಿಷ ವೇಗ, ಎರಡು ನಿಮಿಷ ನಡಿಗೆ ಮಾಡಿದರೂ ಫಲ ಒಂದೇ. ಏರು ದಾರಿಯ ಆಸೆಯಿಂದ ದೇವರಾಯನದುರ್ಗದ ಘಾಟಿ ರಸ್ತೆಗೆ ಈಗಲೇ ಹೋಗಬೇಡಿ. ಏರು ಮೀನಖಂಡವನ್ನು ಹಿಂಡಿದರೆ ಇಳಿಜಾರು ಮಂಡಿಯನ್ನು ಕಾಡುತ್ತದೆ. ಅದು ಚಿರತೆ, ಕರಡಿಗಳಿರುವ ಕಾಡು, ಮಬ್ಬುಗತ್ತಲಲ್ಲಿ ಒಬ್ಬರೇ ಹೋಗುವ ಜಾಗ ಖಂಡಿತ ಅಲ್ಲ.

## ಓಟ ನಿಲ್ಲಿಸಬೇಕಾದ ಸೂಚನೆಗಳು

ಎರಡೂ ಮೀನಖಂಡಗಳು ಒಟ್ಟಾರೆ ಬಿಗಿಯಾಗಿ, ಒಂದೆರಡು ದಿನದಲ್ಲಿ ಸಡಿಲವಾದರೆ ಅದು ಸಹಜ. ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತುತ್ತಾ ಹೋದಾಗ ಒಂದೇ ಬಿಂದುವಿನಲ್ಲಿ ಚುರುಕ್ಕೆನ್ನುವುದು, ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ಅಲ್ಲೇ ನೋಯುವುದು, ರಾತ್ರಿ ಮಲಗಿದಾಗಲೂ ನೋವಿರುವುದು ಮೂಳೆ ಬಿರುಕಿನ ಲಕ್ಷಣ. ಓಟ ನಿಲ್ಲಿಸಿ ಮೂಳೆ ವೈದ್ಯರಲ್ಲಿಗೆ ಹೋಗಿ. ನೋವಿನ ಮಾತ್ರೆ ನುಂಗಿ ಓಡುವುದಂತೂ ಸಲ್ಲದು.

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ಕಣ್ಣು ಕತ್ತಲೆ, ಎದೆಬಡಿತ ತಾಳ ತಪ್ಪುವುದು: ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ‘ಗ್ಯಾಸ್ ಇರಬಹುದು’ ಎಂದು ಕಾಯಬೇಡಿ. ಬಿಸಿಲಿನಲ್ಲಿ ಮೈ ನವಿರೇಳುವುದು, ತಲೆ ಸುತ್ತುವುದು, ಮಾತು ತೊದಲುವುದು ಕಂಡರೆ ನೆರಳಿಗೆ ಬಂದು ಮೈಗೆ ನೀರು ಸುರಿದುಕೊಳ್ಳಿ, ಜೊತೆಯವರನ್ನು ಕೂಗಿ. ಜ್ವರವಿದ್ದಾಗ ಓಡಲೇಬಾರದು, ಜ್ವರ ಬಿಟ್ಟ ಮೇಲೂ ಕೆಲವು ದಿನ ನಡಿಗೆ ಮಾತ್ರ.

ಹೆಣ್ಣುಮಕ್ಕಳಿಗೆ ಒಂದು ಮಾತು. ಎಲ್ಲ ಕ್ರಮವಾಗಿ ಮಾಡುತ್ತಿದ್ದರೂ ಉಸಿರು ಸಾಲದೆ, ಸದಾ ಸುಸ್ತಾಗುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅಲ್ಲಿ ಅಭ್ಯಾಸಕ್ಕಿಂತ ಚಿಕಿತ್ಸೆ ಮೊದಲು. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

## ಧೈರ್ಯ ಕುಸಿಯುವ ಜಾಗಗಳು

ಒಂದು ಕೆಟ್ಟ ಓಟಕ್ಕೆ ಅರ್ಥ ಹಚ್ಚಬೇಡಿ. ನಿದ್ದೆ ಕಡಿಮೆಯಾದ ರಾತ್ರಿ, ಮುಟ್ಟಿನ ದಿನಗಳು, ಕಚೇರಿಯ ಒತ್ತಡ, ಮದುವೆಮನೆಯ ಊಟ, ಎಲ್ಲವೂ ಕಾಲಿಗೆ ಇಳಿಯುತ್ತವೆ. ಸತತ ಮೂರು ಓಟ ಕೆಟ್ಟರೆ ಮಾತ್ರ ಯೋಚಿಸಿ. ಆಗಲೂ ಮೊದಲ ಮದ್ದು ಒಂದು ವಾರದ ಇಳಿಕೆ.

ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಕಣ್ಣಿಗೆ ಕಣ್ಣು ಕೊಡದೆ ಮೆಲ್ಲಗೆ ನಡೆಯಿರಿ. ಕಚ್ಚಿದರೆ ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಆರಂಭಿಸಿ.

ಜನ ನೋಡುತ್ತಾರೆಂಬ ಅಳುಕು, ಅದರಲ್ಲೂ ಮಹಿಳೆಯರಿಗೆ, ನಿಜವಾದದ್ದೇ. ಇಬ್ಬರು ಮೂವರು ಸೇರಿ, ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಹೋಗಿ. ಕೆಲವು ವಾರಗಳಲ್ಲಿ ಅಲ್ಲಿನ ಹೂವಾಡಗಿತ್ತಿ, ಕಾವಲುಗಾರ, ನಡಿಗೆಗೆ ಬರುವವರು ಪರಿಚಯವಾಗುತ್ತಾರೆ. ಗುರುತಿಲ್ಲದ ಕಣ್ಣುಗಳ ನಡುವೆ ಓಡುವುದಕ್ಕೂ ಗುರುತಿನವರ ನಡುವೆ ಓಡುವುದಕ್ಕೂ ಬಹಳ ವ್ಯತ್ಯಾಸವಿದೆ.

## ಹಂತ 6 (ವಾರ 12): ಮರುಪರೀಕ್ಷೆ, ಆಮೇಲೆ ಮೊದಲ ಸ್ಪರ್ಧೆ

ಈ ವಾರ ಎರಡು ನಿಧಾನದ ಓಟ, 25 ನಿಮಿಷದವು, ಸಾಕು. ಎರಡು ದಿನ ಬಿಡುವಿನ ನಂತರ ಅದೇ ಟ್ರ್ಯಾಕ್, ಅದೇ ಹೊತ್ತಿಗೆ 5 ಕಿ.ಮೀ. ಓಡಿ. ಮೊದಲ ಮೂರೂವರೆ ಸುತ್ತನ್ನು ಹಳೆಯ ವೇಗದಲ್ಲೇ, ಸುತ್ತಿಗೆ 3:12ರಂತೆ ಓಡಿ. ಉಳಿದ ಒಂಬತ್ತನ್ನು 3:05ರಲ್ಲಿ ಹಿಡಿದುಕೊಂಡರೆ 39 ನಿಮಿಷದೊಳಗೆ ಮುಗಿಯುತ್ತದೆ. ಕೊನೆಯ ಎರಡು ಸುತ್ತಿನಲ್ಲಿ ಶಕ್ತಿ ಉಳಿದಿದ್ದರೆ ಬಿಚ್ಚಿ ಓಡಿ. 12 ವಾರದಲ್ಲಿ ಒಂದೆರಡು ನಿಮಿಷ ಇಳಿದರೆ ಅದು ಒಳ್ಳೆಯ ಫಲ. ಇಳಿಯದೆ, ಅದೇ ಸಮಯ ಕಡಿಮೆ ಏದುಸಿರಿನಲ್ಲಿ ಬಂದಿದ್ದರೆ ಅದೂ ಪ್ರಗತಿಯೇ.

ಸ್ಪರ್ಧೆಗೆ ಹೋಗುವ ಆಸೆಯಿದ್ದರೆ ಮೊದಲು 5 ಕಿ.ಮೀ. ವಿಭಾಗವಿರುವ ಓಟ ಆರಿಸಿ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಓಟದ ಹತ್ತು ಕಿ.ಮೀ. ವಿಭಾಗ ಇನ್ನೊಂದು 12 ವಾರ ಕಾಯಲಿ. ಇಂಥ ಓಟಗಳು ನಸುಕಿನಲ್ಲೇ ಶುರುವಾಗುತ್ತವೆ. ಇಲ್ಲಿಂದ ಸುಮಾರು 70 ಕಿ.ಮೀ. ದೂರವಿರುವುದರಿಂದ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ಹೊಸ ಶೂ, ಹೊಸ ಬಟ್ಟೆ, ಹೊಸ ತಿಂಡಿ ಅಂದು ಬೇಡ. ಗುಂಪಿನ ಹಿಂದೆ ನಿಲ್ಲಿ. ನಗಾರಿ, ಕೇಕೆಗಳ ಹುರುಪಿನಲ್ಲಿ ಮೊದಲ ಕಿಲೋಮೀಟರ್ ಎಲ್ಲರಿಗೂ ಹಗುರವೆನಿಸುತ್ತದೆ, ಆದ್ದರಿಂದ ಅದನ್ನು ಗುರಿಯ ಪೇಸ್‌ಗಿಂತ ಹದಿನೈದು ಸೆಕೆಂಡ್ ನಿಧಾನವಾಗಿಯೇ ಓಡಿ.

ಮುಗಿದ ಮೇಲೆ ಒಂದು ವಾರ ನಡಿಗೆ ಮತ್ತು ನಿಧಾನದ ಓಟ ಮಾತ್ರ. ಹೊಸ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಸುತ್ತಿನ ಲೆಕ್ಕ ಹೊಸದಾಗಿ ಮಾಡಿಕೊಂಡು ಮೂರನೆಯ ಹಂತದಿಂದ ಮತ್ತೆ ಆರಂಭಿಸಿ.